ಶೂಟರ್ ಪ್ಲಸ್ ಸ್ಟ್ರಾಟೆಜಿ ಗೇಮ್, ಆರನೇ ವಾರ: ಮ್ಯಾಪ್ ಕಿತ್ತು ಹಾಕಿದೆ

ನೀವೇ ಗುಂಡು ಹೊಡೀತಾ ಸೈನ್ಯಾನೂ ನಡೆಸೋ ಒಂದು ಗೇಮ್ ಮಾಡ್ತಿದ್ದೀನಿ. ಅದರಲ್ಲಿ ಎಂ ಕೀ ಒತ್ತಿದ್ರೆ ಮೇಲಿಂದ ಕಾಣೋ ಮ್ಯಾಪ್ ಬರ್ತಿತ್ತು, ಮೂರು ವಾರ ಕೂತು ಮಾಡಿದ್ದು, ಅದನ್ನ ಈ ವಾರ ಪೂರ್ತಿ ತೆಗೆದೆ. ಟೆಸ್ಟ್ ಮಾಡಿದ ಮೂರೂ ಜನ ಒಂದೇ ತರ ಆಡ್ತಿದ್ರು, ಮ್ಯಾಪ್ ಓಪನ್ ಮಾಡಿ ಅಲ್ಲೇ ಕೂತು ಆರ್ಡರ್ ಕೊಡೋದು, ಬೋರ್ ಆದಾಗ ಕೆಳಗಿಳಿದು ನಾಲ್ಕು ಗುಂಡು ಹೊಡೆಯೋದು, ಮತ್ತೆ ಮ್ಯಾಪ್. ಎರಡು ಬೇರೆ ಬೇರೆ ಗೇಮನ್ನ ಪಕ್ಕ ಪಕ್ಕ ಇಟ್ಟಂಗಿತ್ತು.

ಅದಕ್ಕೆ ಹಳೇ ಗೇಮ್‌ಗಳನ್ನ ಮತ್ತೆ ಆಡಿದೆ. 1989ರ ಹರ್ಜೋಗ್ ಜ್ವೈನಲ್ಲಿ ನೀವೇ ಹಾರೋ ರೋಬೋಟು, ಸೈನ್ಯವನ್ನ ನೀವೇ ಎತ್ಕೊಂಡು ಹೋಗಿ ಇಳಿಸ್ಬೇಕು, ಆರ್ಡರ್ ಕೊಡೋಕೂ ದುಡ್ಡು ಖರ್ಚಾಗುತ್ತೆ. 1998ರ ಬ್ಯಾಟಲ್‌ಜೋನ್‌ನಲ್ಲಿ ಟ್ಯಾಂಕ್ ಸೀಟಲ್ಲಿ ಕೂತ್ಕೊಂಡೇ ನಂಬರ್ ಕೀ ಒತ್ತಿ ಆರ್ಡರ್ ಕೊಡ್ತೀರ, ಅಷ್ಟರಲ್ಲಿ ಎದುರಿನವನು ನಿಮ್ಮ ಮೇಲೆ ಹೊಡೀತಾನೇ ಇರ್ತಾನೆ. 2002ರಲ್ಲಿ ಹಾಫ್ ಲೈಫ್ ಅನ್ನೋ ಗೇಮಿನ ಮಾಡ್ ಆಗಿ (ಅಂದ್ರೆ ಆ ಗೇಮನ್ನೇ ಬದಲಾಯಿಸಿ ಮಾಡಿದ ಹೊಸ ಗೇಮಾಗಿ) ಬಂದ ನ್ಯಾಚುರಲ್ ಸೆಲೆಕ್ಷನ್‌ನಲ್ಲಂತೂ ಮರೀನ್ ಟೀಮಲ್ಲಿ, ಅಂದ್ರೆ ಮನುಷ್ಯ ಸೈನಿಕರ ಕಡೆ, ಒಬ್ಬ ಕಮಾಂಡರ್ ಆಗಿ ಚೇರ್ ಹತ್ತಿದ್ರೆ ಅವನಿಗೆ ಮೇಲಿಂದ ಎಲ್ಲಾ ಕಾಣುತ್ತೆ ಆದ್ರೆ ಗುಂಡು ಹೊಡೆಯೋಕಾಗಲ್ಲ, ಏಲಿಯನ್ ಕಡೆಗೆ ಕಮಾಂಡರೇ ಇಲ್ಲ! ಇವು ಮೂರೂ ಇವತ್ತಿಗೂ ಹೊಸದು ಅನ್ಸೋದು ಇದಕ್ಕೇ ಅಂತ ನನಗನ್ಸುತ್ತೆ, ಸೈನ್ಯ ನಡೆಸೋಕೆ ಹೋದ್ರೆ ಏನೋ ಒಂದು ಕಳ್ಕೋಬೇಕು. ನನ್ನ ಮ್ಯಾಪಲ್ಲಿ ಏನೂ ಕಳ್ಕೋತಿರಲಿಲ್ಲ.

ಈಗ ನನ್ನ ಗೇಮಲ್ಲಿ ಆರ್ಡರ್ ಎಲ್ಲಾ ಫ್ಲೇರ್ ಗನ್ನಿಂದಾನೇ, ಅಂದ್ರೆ ಆಕಾಶಕ್ಕೆ ಬಣ್ಣದ ಬೆಳಕು ಹಾರಿಸೋ ಗನ್. ಕೆಂಪು ಹಾರಿಸಿದ್ರೆ ಅಲ್ಲಿಗೆ ದಾಳಿ, ಹಸಿರು ಅಂದ್ರೆ ಅಲ್ಲಿ ಸೇರಿ, ನೀಲಿ ಅಂದ್ರೆ ವಾಪಸ್. ಫ್ಲೇರ್ ಮೂರು ಸೆಕೆಂಡ್ ಆಕಾಶದಲ್ಲಿ ಉರಿಯುತ್ತೆ, ಅದು ಕಣ್ಣಿಗೆ ಬಿದ್ದ ಸೈನಿಕರು ಮಾತ್ರ ಹೊರಡ್ತಾರೆ, ಗುಡ್ಡದ ಹಿಂದಿರೋರಿಗೆ ಗೊತ್ತೇ ಆಗಲ್ಲ. ಹಂಗಾಗಿ ಎತ್ತರದ ಜಾಗ ಹುಡುಕಿ ನಿಂತ್ಕೋಬೇಕು, ಅಲ್ಲಿ ನಿಂತ್ರೆ ಶತ್ರುಗೂ ಕಾಣ್ತೀರ, ಕೈಯಲ್ಲಿ ಫ್ಲೇರ್ ಗನ್ ಇದ್ದಾಗ ರೈಫಲ್ ಹೊಡೆಯೋಕೂ ಆಗಲ್ಲ. ಫ್ಲೇರ್ ಯಾರ ಕಣ್ಣಿಗೆ ಬೀಳುತ್ತೆ ಅಂತ ನೋಡೋ ಲೈನ್ ಆಫ್ ಸೈಟ್ ಕೋಡ್ ಬರೀ ಅರವತ್ತು ಲೈನು, ಆದ್ರೆ ಲೆವೆಲ್ ಡಿಸೈನ್ ಎಲ್ಲಾ ಮತ್ತೆ ಮೊದಲಿಂದ ಮಾಡ್ಬೇಕಾಯ್ತು, ಬೇಜಾರೇನಿಲ್ಲ, ಮೊದಲು ಅಲಂಕಾರಕ್ಕಿದ್ದ ಗುಡ್ಡಗಳಿಗೆ ಈಗ ಕೆಲಸ ಸಿಕ್ಕಿದೆ.

ಒಂದು ತೊಂದರೆ ಆಯ್ತು. ಫ್ಲೇರ್ ನೋಡಿದ ತಕ್ಷಣ 40 ಸೈನಿಕರೂ ಒಂದೇ ಫ್ರೇಮಲ್ಲಿ (ಪರದೆ ಮೇಲೆ ಒಂದು ಚಿತ್ರ ಮೂಡೋ ಹೊತ್ತಲ್ಲಿ) ದಾರಿ ಕೇಳ್ತಿದ್ರು, ಗೇಮ್ ಗಕ್ಕಂತ ನಿಲ್ತಿತ್ತು. ಈಗ ಕ್ಯೂ ಮಾಡಿ ಫ್ರೇಮಿಗೆ ಐದೇ ಜನಕ್ಕೆ ದಾರಿ ಹುಡುಕಿ ಕೊಡ್ತೀನಿ, ನೋಡೋಕೂ ಒಬ್ಬೊಬ್ರಾಗಿ ತಿರುಗಿ ಓಡೋ ತರ ಚೆನ್ನಾಗಿದೆ.

ನಿನ್ನೆ ಟೆಸ್ಟಲ್ಲಿ ನಾನು ಅಂದ್ಕೊಂಡೇ ಇರದಿದ್ದು ನಡೀತು. ಶತ್ರು ಸೈನ್ಯಾನೂ ಫ್ಲೇರ್ ನೋಡಿ ಆ ಕಡೆ ಕಾವಲು ಹಾಕುತ್ತೆ ಅಂತ ಬರೆದಿದ್ದೆ, ಒಬ್ಬ ಫ್ರೆಂಡ್ ಅದನ್ನ ಗಮನಿಸಿ, ತನ್ನ ಸೈನಿಕರನ್ನೆಲ್ಲಾ ಗುಡ್ಡದ ಹಿಂದೆ ಬಚ್ಚಿಟ್ಟು, ಯಾರೂ ಇಲ್ಲದ ಎಡಗಡೆಗೆ ಕೆಂಪು ಹಾರಿಸಿದ, ಶತ್ರು ಪೂರ್ತಿ ಆ ಕಡೆ ಓಡಿತು, ಬಲಗಡೆಯಿಂದ ಇವನು ನುಗ್ಗಿದ. ನೋಡ್ತಾ ಕುರ್ಚಿಯಿಂದ ಎದ್ದೇ ಬಿಟ್ಟೆ.

ಮಂಜಿರೋ ಲೆವೆಲಲ್ಲಿ ನೀಲಿ ಫ್ಲೇರ್ ಕಾಣ್ತಿಲ್ಲ, ಮುಂದಿನ ವಾರ ಮೊದಲು ಅದು.