ಟ್ರಿಗರ್‌ಗೆ ಬೈದ ದಿನ

ಡೌನ್‌ಹೋಲ್ ಸರ್ವೆಯ ಕೊನೇ ಬೋರು. ನೆಲದ ಮೇಲೆ ಹಲಗೆಗೆ ಸುತ್ತಿಗೆಯಿಂದ ಹೊಡೆದು, ಕಂಪನ ಬೋರಿನ ಆಳಕ್ಕೆ ಎಷ್ಟು ಹೊತ್ತಿನಲ್ಲಿ ತಲುಪುತ್ತೆ ಅಂತ ಅಳೆಯುವ ಕೆಲಸ ಇದು. ಕಂಪನ ಹಿಡಿಯುವ ಪ್ರೋಬ್ 30 ಮೀಟರ್ ಆಳದಲ್ಲಿತ್ತು. ಹಲಗೆಗೆ ಎಡದಿಂದ ಒಂದು ಏಟು, ಬಲದಿಂದ ಒಂದು. ಪರದೆಯಲ್ಲಿ ಎರಡು ಗೆರೆ ಚಿಟ್ಟೆಯ ರೆಕ್ಕೆ ಹಾಗೆ ಬಿಚ್ಚಿಕೊಂಡವು. ಎಸ್ ಪಿಕ್, ಅಂದರೆ ನೆಲವನ್ನು ಪಕ್ಕಕ್ಕೆ ಅಲುಗಿಸುತ್ತಾ ಇಳಿಯುವ ಶಿಯರ್ ತರಂಗ ಪ್ರೋಬ್ ಮುಟ್ಟಿದ ಹೊತ್ತು, 78 ಮಿಲಿಸೆಕೆಂಡ್. ಹಲಗೆಯನ್ನು 90 ಡಿಗ್ರಿ ತಿರುಗಿಸಿ ಮತ್ತೆ ಹೊಡೆಸಿದೆ. 87.

9 ಮಿಲಿಸೆಕೆಂಡ್ ವ್ಯತ್ಯಾಸ ಕುರುಡನಿಗೂ ಕಾಣುತ್ತೆ. ಸುತ್ತಿಗೆ ಹಿಡಿದ ಹುಡುಗನ ಮೇಲೆ ರೇಗಿದೆ. "ಟ್ರಿಗರ್ ಸರಿಯಾಗಿ ಕಟ್ಟಿದ್ದೀಯಾ?" ಏಟು ಬಿದ್ದ ಕ್ಷಣಕ್ಕೆ ಎಣಿಕೆ ಶುರು ಮಾಡುವ ಆ ಟ್ರಿಗರ್ ಬದಲಾಯಿಸಿದೆವು. 87. ಕೇಬಲ್ ಬದಲಾಯಿಸಿದೆವು. 87. ಹಲಗೆ ಮೇಲೆ ಗಾಡಿಯ ಚಕ್ರ ಹತ್ತಿಸಿ ಭಾರ ಹಾಕಿದೆವು. ಅದೇ 87. ಕತ್ತಲಾಗುತ್ತಿತ್ತು, ಮ್ಯಾನೇಜರ್ ಫೋನ್ ಮೇಲೆ ಫೋನ್.

"ಸರ್, ಹಲಗೆ ಮೊದಲಿನ ಕಡೆಗೇ ತಿರುಗಿಸಿ ನೋಡೋಣ್ವಾ?" ಅಂದ ಹುಡುಗ. ಅದೇ ಹೊಸ ಟ್ರಿಗರ್, ಅದೇ ಹೊಸ ಕೇಬಲ್. 78 ಬಂತು. ಅಷ್ಟಾದರೂ ನನಗೆ ಹೊಳೆಯಲಿಲ್ಲ. ನೆಲ ಸಮ ಇಲ್ಲ ಅಂತ ಏನೋ ಗೊಣಗಿ ಪ್ಯಾಕಪ್ ಮಾಡಿಸಿದೆ.

ರಾತ್ರಿ ಉಳಿದ ಆಳಗಳ ಫೈಲ್ ತೆರೆದೆ. ಸೈಟಿನಲ್ಲಿ ಸುಮ್ನೆ ಸೇವ್ ಮಾಡುತ್ತಾ ಹೋಗಿದ್ದೆ, ಪಿಕ್ ಮಾಡಿರಲಿಲ್ಲ. 10 ಮೀಟರಲ್ಲಿ ವ್ಯತ್ಯಾಸ 3, 20ರಲ್ಲಿ 6, 30ರಲ್ಲಿ 9. ಟ್ರಿಗರ್ ತಪ್ಪಾಗಿದ್ದರೆ ಎಲ್ಲಾ ಆಳದಲ್ಲೂ ಅಷ್ಟೇ ವ್ಯತ್ಯಾಸ ಬರಬೇಕು, ಅಲ್ವಾ? ಇದು ಇಳಿದಷ್ಟೂ ಬೆಳೆಯುತ್ತಿತ್ತು. ಅಂದರೆ ತಡ ಮಾಡುತ್ತಿದ್ದದ್ದು ನೆಲವೇ.

ಕಾರಣ ಬೆಳಗ್ಗೆಯಿಂದ ಕಣ್ಣೆದುರೇ ಇತ್ತು. ಪಕ್ಕದಲ್ಲಿ ಅಗೆದ ಗುಂಡಿಯ ಗೋಡೆಯಲ್ಲಿ, ಸವೆದ ಬಂಡೆಯೊಳಗೆ, ನೆಟ್ಟಗೆ ನಿಂತ ಬಿರುಕುಗಳು. ಎಲ್ಲವೂ ಒಂದೇ ದಿಕ್ಕಿಗೆ, ಒಳಗೆಲ್ಲ ಮೆತ್ತನೆ ಜೇಡಿ. ಅದರ ಅಂಚಿನಲ್ಲೇ ನಾನು ಬ್ಯಾಗ್ ಇಟ್ಟಿದ್ದೆ. ಬಿರುಕಿನ ಉದ್ದಕ್ಕೆ ಅಲುಗಿಸುವ ಶಿಯರ್ ತರಂಗ ಬೇಗ ಇಳಿಯುತ್ತೆ. ಅಡ್ಡಕ್ಕೆ ಅಲುಗಿಸುವುದು ಜೇಡಿಯಲ್ಲಿ ಬಳುಕಿ ಹಿಂದೆ ಬೀಳುತ್ತೆ. ನಮ್ಮ ಮೊದಲ ಹಲಗೆ ಅದೃಷ್ಟಕ್ಕೆ ಬಿರುಕಿನ ಸಾಲಿಗೇ ಕೂತಿತ್ತು. ದಿಕ್ಕಿಗೆ ತಕ್ಕಂತೆ ತರಂಗದ ವೇಗ ಬದಲಾಗುವುದನ್ನು ಅಳೆಯಲು ಭೂಭೌತವಿಜ್ಞಾನಿ ಥಾಮ್ಸನ್ 1986ರಲ್ಲಿ ಬರೆದ ಗ್ಯಾಮಾ, ಡೆಲ್ಟಾ ಎಲ್ಲ ಬಾಯಿಪಾಠ ಮಾಡಿ ಪರೀಕ್ಷೆ ಪಾಸಾದವನು ನಾನು!

ಬೆಳಗ್ಗೆ ಹುಡುಗನಿಗೆ ಸಾರಿ ಹೇಳಿದೆ. "ಯಾವುದಕ್ಕೆ ಸರ್?" ಅಂದ. ನಿನ್ನೆ ಜಾಸ್ತಿ ಸಲ ಬೈದಿದ್ದೆ, ಪಾಪ.

ಮ್ಯಾನೇಜರ್‌ದು ಒಂದೇ ಪ್ರಶ್ನೆ: "ಸಿ ನಾ, ಡಿ ನಾ?" ಭೂಕಂಪದ ಲೆಕ್ಕಕ್ಕೆ ನೆಲ ಎಷ್ಟು ಗಟ್ಟಿ ಅಂತ ವಿಂಗಡಿಸುವ ಅಮೆರಿಕದ ನೆಹ್ರಪ್ ವರ್ಗಗಳಲ್ಲಿ, 2020ರ ಪರಿಷ್ಕರಣೆಗೆ ಮೊದಲು, ಸಿ ಮತ್ತು ಡಿ ನಡುವಿನ ಗೆರೆ ಸೆಕೆಂಡಿಗೆ 360 ಮೀಟರ್ ಇತ್ತು; ನಮ್ಮ ವರದಿ ಆ ಹಳೇ ವರ್ಗಗಳದ್ದು. ಒಂದು ದಿಕ್ಕಿನಲ್ಲಿ ನಮ್ಮ ವಿಎಸ್30 (ಮೇಲಿನ 30 ಮೀಟರ್ ನೆಲದಲ್ಲಿ ಶಿಯರ್ ತರಂಗದ ಸರಾಸರಿ ವೇಗ) ಸುಮಾರು 385, ಅಂದರೆ ಸಿ. ಇನ್ನೊಂದರಲ್ಲಿ 345, ಅಂದರೆ ಡಿ. ಟೆಂಪ್ಲೇಟಿನಲ್ಲಿರುವುದು ಒಂದೇ ಬಾಕ್ಸ್. ಅದರಲ್ಲಿ 345 ತುಂಬಿ, ಷರಾದಲ್ಲಿ ಬಿರುಕಿನ ದಿಕ್ಕು, ಎರಡೂ ವೇಗ, ಎಲ್ಲಾ ಬರೆದೆ. ಪಿಡಿಎಫ್ ಮಾಡಿದಾಗ ಷರಾ ಎರಡನೇ ಸಾಲಿಗೇ ಕತ್ತರಿಸಿ ಹೋಗಿತ್ತು.