ಕೀ ಸೆಲ್ ಬದಲಾಯಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಕಸದ ಬುಟ್ಟಿ ನೋಡಿ

ಶನಿವಾರ ಸಂಜೆ, ಡೆಲಿವರಿಗೆ ಗಾಡಿಗಳು ಸಾಲುಗಟ್ಟಿ ನಿಂತಿರೋ ಹೊತ್ತಲ್ಲಿ ಫ್ಲಾಟ್‌ಬೆಡ್ ಮೇಲೆ ಹಳೇ ಹ್ಯಾಚ್‌ಬ್ಯಾಕ್ ಒಂದು ವರ್ಕ್‌ಶಾಪಿಗೆ ಬಂತು. ಜಾಬ್ ಕಾರ್ಡಲ್ಲಿ ಸರ್ವೀಸ್ ಅಡ್ವೈಸರ್ ಬರೆದಿದ್ದು ಒಂದೇ ಸಾಲು: ನೋ ಸ್ಟಾರ್ಟ್, ಚೆಕ್ ಅಂಡ್ ಅಡ್ವೈಸ್. ಮಧ್ಯಾಹ್ನ ತಾನೇ ಮೊಬೈಲ್ ಅಂಗಡಿಯಲ್ಲಿ ಕೀ ರಿಮೋಟಿನ ಸೆಲ್ ಹಾಕಿಸಿದ್ದೆ ಅಂತ ಕಸ್ಟಮರ್ ಕೌಂಟರಿನಲ್ಲಿ ಹೇಳಿದ್ದರು. ಅದು ಕಾರ್ಡಿಗೆ ಇಳಿಯಲೇ ಇಲ್ಲ.

ಲಾಕ್, ಅನ್‌ಲಾಕ್ ಸೊಗಸಾಗಿ ಆಗ್ತಿತ್ತು. ಇಂಜಿನ್ ಹಿಡಿಯುತ್ತೆ, ಎರಡು ಸೆಕೆಂಡಿಗೆ ಆರಿಹೋಗುತ್ತೆ. ಸ್ಟೇರಿಂಗ್ ಹಿಂದಿನ ಮೀಟರ್ ಕ್ಲಸ್ಟರಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿತ್ತು, ಆದರೆ ರಿಮೋಟ್ ಕೆಲಸ ಮಾಡ್ತಿದೆಯಲ್ಲ ಅಂದ ಮೇಲೆ ಕೀ ಸರಿ ಇದೆ ಅಂತಲೇ ಬೇಯಲ್ಲಿ (ಗಾಡಿ ನಿಲ್ಲಿಸಿ ರಿಪೇರಿ ಮಾಡೋ ಜಾಗ) ಎಲ್ಲರ ಲೆಕ್ಕ. ಪೆಟ್ರೋಲ್ ಪಂಪಿಗೆ ಕರೆಂಟ್ ಕೊಡೋ ರಿಲೇ ಬದಲಾಯಿಸಿದ್ದಾಯ್ತು, ಪೆಟ್ರೋಲ್ ಪ್ರೆಷರ್ ನೋಡಿದ್ದಾಯ್ತು. ಇರೋ ಒಂದೇ ಸ್ಕ್ಯಾನರ್ ಪಕ್ಕದ ಬೇಯಲ್ಲಿ ಅಪ್‌ಡೇಟ್ ಆಗ್ತಾ ಕೂತಿತ್ತು. ಅದೂ ಶನಿವಾರ ಸಂಜೆಯೇ ಆಗಬೇಕು. ಅಂತೂ ಕೈಗೆ ಬಂದಾಗ ಡಿಟಿಸಿ, ಅಂದರೆ ದೋಷದ ಕೋಡ್, ನೇರವಾಗಿತ್ತು: ಟ್ರಾನ್ಸ್‌ಪಾಂಡರ್ (ಕೀಯೊಳಗಿನ ಗುರುತಿನ ಚಿಪ್) ಉತ್ತರ ಕೊಡ್ತಿಲ್ಲ. ಅಷ್ಟರಲ್ಲಿ ಕಸ್ಟಮರ್ ಫೋನಿಗೆ ಹೊಸ ಕೀ ಸೆಟ್ ಮತ್ತು ಇಮ್ಮೊಬಿಲೈಸರ್ (ಆ ಚಿಪ್ ಗುರುತು ಸಿಗದಿದ್ದರೆ ಇಂಜಿನ್ ಓಡಲು ಬಿಡದ) ಯೂನಿಟ್ಟಿನ ಎಸ್ಟಿಮೇಟ್ ಹೋಗಿಯೂ ಆಗಿತ್ತು. ನಮ್ಮಲ್ಲಿ ಎಸ್ಟಿಮೇಟ್ ಮಾತ್ರ ಯಾವತ್ತೂ ತಡ ಆಗಲ್ಲ.

ಹಿರಿಯ ಎಲೆಕ್ಟ್ರಿಷಿಯನ್ ಬಂದು ಕೀ ಬಿಚ್ಚಿ ನೋಡಿದರು. ಬ್ಲೇಡಿನ ಬುಡದ ಪುಟ್ಟ ಗೂಡು ಖಾಲಿ. ಅಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪನೆಯ ಕಪ್ಪು ತುಂಡೊಂದು, ಅಂದರೆ ಆ ಚಿಪ್, ಇರಬೇಕಿತ್ತು. ಕಸ್ಟಮರ್ ಅಂಗಡಿಗೆ ಫೋನ್ ಹಚ್ಚಿದರು. ಅಂಗಡಿಯವನು ಲೈನಲ್ಲೇ ಹುಡುಕುತ್ತಿದ್ದಾನೆ, ಇಲ್ಲಿ ನಾಲ್ಕು ಜನ ಫೋನ್ ಸುತ್ತ ನಿಂತಿದ್ದಾರೆ, ಬಿಲ್ಲಿಂಗಿನವರು ದೂರದಿಂದಲೇ 'ಆರ್‌ಒ (ರಿಪೇರಿ ಆರ್ಡರ್) ಕ್ಲೋಸ್ ಮಾಡ್ಲಾ?' ಅಂತ ಕೂಗ್ತಿದ್ದಾರೆ. ಕೊನೆಗೆ ಕೌಂಟರ್ ಕೆಳಗಿನ ಬುಟ್ಟಿಯಲ್ಲಿ ಸ್ಕ್ರೀನ್‌ಗಾರ್ಡ್ ಸಿಪ್ಪೆಗಳ ನಡುವೆ ಸಿಕ್ಕಿತು. ತಂದು ಗೂಡಿಗೆ ಕೂರಿಸಿದ ತಕ್ಷಣ ಗಾಡಿ ಸ್ಟಾರ್ಟ್. ಶುರುವಲ್ಲೇ ಮನೆಯಿಂದ ಸ್ಪೇರ್ ಕೀ ತರಿಸಿ ತಿರುಗಿಸಿದ್ದರೆ ರಿಲೇ ಮುಟ್ಟೋ ಪ್ರಮೇಯವೇ ಇರ್ತಿರಲಿಲ್ಲ.

ವಿಷಯ ಇಷ್ಟೇ: ಕೀಯ ಒಂದೇ ಕವಚದೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕೆಲಸಗಾರರಿದ್ದಾರೆ. ಬಾಗಿಲು ತೆರೆಯುವ ರಿಮೋಟ್ ಸೆಲ್ ನಂಬಿದೆ. ನಮ್ಮಲ್ಲಿ ಮಾರಾಟವಾಗೋ ಗಾಡಿಗಳಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಜ್. ಇಂಜಿನ್‌ಗೆ ಅನುಮತಿ ಕೊಡುವ ಟ್ರಾನ್ಸ್‌ಪಾಂಡರಿಗೆ ಸೆಲ್ ಬೇಕಿಲ್ಲ. ಇಗ್ನಿಷನ್ ಬಾಯಿಯ ಸುತ್ತ ಇರೋ ಕಾಯಿಲ್ 125 ಕಿಲೋಹರ್ಟ್ಜ್ ಆಸುಪಾಸಿನ ಕಾಂತಕ್ಷೇತ್ರ ಎಬ್ಬಿಸುತ್ತೆ, ಚಿಪ್ ಅದರಿಂದಲೇ ಶಕ್ತಿ ಪಡೆದು ಉತ್ತರ ಕೊಡುತ್ತೆ. ಹಾಗಾಗಿ ಬ್ಲೇಡ್ ಕೀಯಲ್ಲಿ ಸೆಲ್ ಸತ್ತರೂ ಗಾಡಿ ಸ್ಟಾರ್ಟ್ ಆಗಲೇಬೇಕು. ಸೆಲ್ ಹಾಕಿದ ಮೇಲೆ ಸ್ಟಾರ್ಟ್ ನಿಂತಿತು ಅಂದರೆ ಚಿಪ್ ಬಿದ್ದಿದೆ ಅಥವಾ ಒಡೆದಿದೆ. ಎಷ್ಟೋ ಕೀಗಳಲ್ಲಿ ಅದು ಬೋರ್ಡಿಗೇ ಬೆಸೆದಿರುತ್ತೆ, ಬೀಳೋ ಮಾತಿಲ್ಲ. ಹಳೇ ಕೀಗಳಲ್ಲೂ ಮಾರ್ಕೆಟ್ಟಲ್ಲಿ ಸಿಗೋ ಫ್ಲಿಪ್ (ಬ್ಲೇಡ್ ಮಡಚೋ) ಕೇಸುಗಳಲ್ಲೂ ಬಿಡಿಯಾಗಿರುತ್ತೆ, ಕೆಲವದರಲ್ಲಿ ಗಾಜಿನದೇ ಇರುತ್ತೆ. ಆದ್ದರಿಂದ ಬಿಚ್ಚೋದು ಬಿಳಿ ಬಟ್ಟೆಯ ಮೇಲೆ, ಕೀಯನ್ನು ಮಲಗಿಸಿಟ್ಟು.

ಪುಶ್ ಬಟನ್ ಗಾಡಿಗಳ ಸ್ಮಾರ್ಟ್ ಕೀಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಗಾಡಿ ಕೂಗಿದ್ದನ್ನು ಕೇಳಿ ಕೀ ದೂರದಿಂದಲೇ ಉತ್ತರಿಸೋಕೆ ಸೆಲ್ ಬೇಕು. ಆದರೆ ಸೆಲ್ ಇಲ್ಲದೆಯೂ ಉತ್ತರಿಸೋ ವ್ಯವಸ್ಥೆ ಒಳಗೆ ಇದ್ದೇ ಇರುತ್ತೆ. ಮೆಕ್ಯಾನಿಕಲ್ ಬ್ಲೇಡ್ ಎಳೆದು ಬಾಗಿಲು ತೆಗೆಯಿರಿ, ಬ್ರೇಕ್ ಒತ್ತಿ, ಸ್ಟಾರ್ಟ್ ಬಟನ್ನಿಗೆ ಕೀಯನ್ನೇ ತಾಗಿಸಿ. ಹ್ಯುಂಡೈನಲ್ಲಿ ಕೀಯಿಂದಲೇ ಬಟನ್ ಒತ್ತೋದು, ಟೊಯೊಟಾದಲ್ಲಿ ಲೋಗೋ ಇರೋ ಬದಿಯನ್ನು ಬಟನ್ನಿಗೆ ತೋರಿಸೋದು. ಕೆಲವು ಗಾಡಿಗಳಲ್ಲಿ ಕೀ ಇಡೋ ಜಾಗ ಕನ್ಸೋಲಿನಲ್ಲಿರುತ್ತೆ. ಟೋ ಕರೆಯೋ ಮೊದಲು ಮ್ಯಾನ್ಯುಯಲ್ ತೆಗೆದರೆ ದುಡ್ಡು ಉಳಿಯುತ್ತೆ.

ಸೆಲ್ ವಿಷಯಕ್ಕೆ ಬಂದರೆ, ಮಾಡೆಲ್ ಹೆಸರು ಹೇಳಿ ಸೆಲ್ ಕೇಳಬೇಡಿ. ಒಂದೇ ಮಾಡೆಲಿಗೆ ವರ್ಷಕ್ಕೊಂದು ಕೀ ಬಂದಿರುತ್ತೆ. ಹಳೇ ಸೆಲ್ ಮೇಲೆ ಅಚ್ಚಾಗಿರೋದನ್ನು ಓದಿ. ಸಿಆರ್2032 ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸಿಆರ್2025 ಅಷ್ಟೇ ಅಗಲ, ದಪ್ಪ 2.5. 2032 ಸಿಗಲಿಲ್ಲ ಅಂತ 2025 ಹಾಕಿ, ಸೆಲ್ಲಿಗೆ ತಾಗೋ ಲೋಹದ ಪತ್ತಿ ಬಗ್ಗಿಸಿ ಕಳಿಸೋರಿದ್ದಾರೆ. ನಾಲ್ಕು ದಿನ ನಡೆದು, ಆಮೇಲೆ ಕೀ ಕುಟ್ಟಿದರೆ ಮಾತ್ರ ಕೆಲಸ ಮಾಡುತ್ತೆ. ಎರಡು ಸಿಆರ್2016 ಸೆಲ್ ಒಂದರ ಮೇಲೊಂದು ಇಟ್ಟರೆ ದಪ್ಪವೇನೋ ಸರಿಯಾಗಿ 3.2, ಆದರೆ 3 ವೋಲ್ಟಿನ ಬೋರ್ಡಿಗೆ 6 ವೋಲ್ಟ್. ರೀಚಾರ್ಜ್ ಆಗೋ ಎಲ್‌ಐಆರ್2032 ಕೂಡ ಬೇಡ, ಪೂರ್ತಿ ತುಂಬಿದಾಗ ಅದು 4.2 ವೋಲ್ಟ್.

ಕೀ ಕವಚ ಬಿಚ್ಚೋಕೆ ಪ್ಲಾಸ್ಟಿಕ್ ಟ್ರಿಮ್ ಟೂಲ್ ಬೇಕು. ನಮ್ಮ ಟೂಲ್ ಬೋರ್ಡಲ್ಲಿ ಅದರ ಚಿತ್ರ ಮಾತ್ರ ಇದೆ, ಟೂಲ್ ಬೇಕು ಅಂತ ಇಂಡೆಂಟ್ ಬರೆದು ಯಾವ ಕಾಲವಾಯ್ತೋ. ಇಲ್ಲದಿದ್ದರೆ ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ಟೇಪ್ ಸುತ್ತಿ, ಬ್ಲೇಡ್ ಎಳೆದ ಮೇಲೆ ಕಾಣೋ ಸೀಳಿನಲ್ಲಿಟ್ಟು ತಿರುಚಬೇಕು. ಒಳಕ್ಕೆ ತಳ್ಳಬಾರದು, ಕೆಳಗೇ ಬೋರ್ಡ್ ಇದೆ. ಕೆಲವು ಕೀಗಳಲ್ಲಿ ಒಂದು ಸಣ್ಣ ಸ್ಕ್ರೂ ಅಡಗಿರುತ್ತೆ, ಅದನ್ನು ತೆಗೆಯದೆ ಎಬ್ಬಿದರೆ ಲಾಚ್ ಮುರಿಯುತ್ತೆ. ಪ್ಲಸ್ ಯಾವ ಕಡೆ ಅಂತ ಫೋನಲ್ಲಿ ಫೋಟೋ ಹೊಡೆದುಕೊಂಡು ಹಳೇದನ್ನು ತೆಗೆಯಿರಿ. ಕೆಲವು ಕೀಗಳಲ್ಲಿ ಪ್ಲಸ್ ಕೆಳಗಿರುತ್ತೆ. ಸೆಲ್ಲನ್ನು ಅಂಚಿನಿಂದ ಹಿಡಿಯಿರಿ, ಲೋಹದ ಚಿಮಟ ಬೇಡ, ಎರಡೂ ಮುಖಕ್ಕೆ ತಾಗಿದರೆ ಶಾರ್ಟ್. ಪತ್ತಿ ತಗ್ಗಿದ್ದರೆ ಕೂದಲೆಳೆಯಷ್ಟು ಎತ್ತಿದರೆ ಸಾಕು. ರಬ್ಬರ್ ಸೀಲ್ ಮಡಚಿಕೊಂಡರೆ ಮುಂದಿನ ಮಳೆಯಲ್ಲಿ ಬೋರ್ಡ್ ಹಸಿರುಗಟ್ಟುತ್ತೆ.

ಹೊಸ ಸೆಲ್ ಹಾಕಿದರೂ ಸತ್ತಂತಿದೆ ಅಂದರೆ ಕಹಿ ಲೇಪನ ಇದ್ದೀತು. ಮಕ್ಕಳು ನುಂಗಬಾರದು ಅಂತ ಡ್ಯುರಾಸೆಲ್ ಥರದವು ಬಳಿದಿರುತ್ತವೆ, ಕೆಲವು ಪತ್ತಿಗಳಿಗೆ ಅದು ಅಡ್ಡ ಬರುತ್ತೆ. ಪತ್ತಿ ತಾಗೋ ಜಾಗವನ್ನಷ್ಟೇ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ.

ಮೀಟರಿನಲ್ಲಿ ಹೊಸ ಸೆಲ್ 3.2 ವೋಲ್ಟಿನ ಆಸುಪಾಸು ತೋರಿಸಬೇಕು. 2.8ರ ಕೆಳಗಿದ್ದರೆ ತೆಗೆದುಬಿಡಿ. ಆದರೆ ಲೋಡ್ ಇಲ್ಲದ, ಅಂದರೆ ಸೆಲ್ಲಿನಿಂದ ಕರೆಂಟ್ ಎಳೆಯದೆ ತೆಗೆದ ರೀಡಿಂಗ್ ಮೋಸ ಮಾಡುತ್ತೆ. ಲಿಥಿಯಂ ಸೆಲ್ ಕೊನೇವರೆಗೂ 3 ವೋಲ್ಟಿನ ಹತ್ತಿರವೇ ನಿಂತು ಆಮೇಲೆ ದಿಢೀರ್ ಬೀಳುತ್ತೆ. 330 ಓಮ್ ರೆಸಿಸ್ಟರ್ ಅಡ್ಡ ಹಿಡಿದರೆ ಸುಮಾರು 9 ಮಿಲಿಆಂಪ್ ಎಳೆಯುತ್ತೆ. ಒಂದೆರಡು ಸೆಕೆಂಡಿನಲ್ಲಿ 2.5ರ ಕೆಳಗೆ ಕುಸಿದರೆ ಆ ಸೆಲ್ ಮುಗಿದ ಹಾಗೆ. ಕೀ ಮೇಲಿನ ಕೆಂಪು ದೀಪ ಹತ್ತಿತು ಅಂದರೆ ಸಿಗ್ನಲ್ ಹೋಯಿತು ಅಂತಲ್ಲ.

ಎರಡೂ ಕೀ ಒಟ್ಟಿಗೆ ಸತ್ತಿದ್ದರೆ ಸೆಲ್ ಕೊಳ್ಳಲೇಬೇಡಿ, ಗಾಡಿಯ 12 ವೋಲ್ಟ್ ಬ್ಯಾಟರಿ ನೋಡಿ. ಒಂದೇ ಜಾಗದಲ್ಲಿ ಮಾತ್ರ ಕೆಲಸ ಮಾಡದಿದ್ದರೆ ಅಕ್ಕಪಕ್ಕದ ಗೇಟ್ ರಿಮೋಟ್, ವೈರ್‌ಲೆಸ್ ಕಾಲಿಂಗ್ ಬೆಲ್ ಅದೇ ಫ್ರೀಕ್ವೆನ್ಸಿಯಲ್ಲಿ ಕೂಗ್ತಿರಬಹುದು. ಸೆಲ್ ತೆಗೆದರೆ ಪ್ರೋಗ್ರಾಮಿಂಗ್ ಹೋಗುತ್ತೆ ಅನ್ನೋದು ಈಗಿನ ಬಹುತೇಕ ಕೀಗಳ ಮಟ್ಟಿಗೆ ಸುಳ್ಳು. ಕೋಡ್ ಇರೋ ಮೆಮೊರಿಗೆ ಕರೆಂಟ್ ಬೇಕಿಲ್ಲ. ಆದರೆ ನಮ್ಮ ಬಿಲ್ಲಿಂಗ್ ಸಿಸ್ಟಮ್ಮಿನಲ್ಲಿ ಬರೀ ಸೆಲ್ ಬದಲಾವಣೆಯ ಕೂಲಿಗೆ ಲೇಬರ್ ಕೋಡೇ ಇಲ್ಲ, ಹತ್ತಿರದ್ದು ಅಂತ ಸಿಗೋದು ಕೀ ಪ್ರೋಗ್ರಾಮಿಂಗ್. ಪಿಎಸ್‌ಎಫ್ ಕಾಲಿನಲ್ಲಿ (ಸರ್ವೀಸ್ ಆದ ಮೇಲೆ ವಿಚಾರಿಸೋ ಫೋನ್) ಕಸ್ಟಮರ್ ಬೈದರೆ ವಿವರಣೆ ಕೇಳೋದು ಬೇಯವರನ್ನು.

ಸ್ಮಾರ್ಟ್ ಕೀ ಸೆಲ್ ಪದೇ ಪದೇ ಮುಗಿಯುತ್ತಿದ್ದರೆ ಕೀ ಎಲ್ಲಿ ನೇತಾಡುತ್ತಿದೆ ನೋಡಿ. ಗಾಡಿ ನಿಲ್ಲಿಸೋ ಜಾಗಕ್ಕೆ ಅಂಟಿದ ಗೋಡೆಯ ಮೊಳೆ, ಟಿವಿ ಪಕ್ಕ, ಮೊಬೈಲ್ ಚಾರ್ಜರ್ ಹತ್ತಿರ ಇದ್ದರೆ ಕೀ ನಿದ್ದೆಯಿಂದ ಏಳುತ್ತಲೇ ಇರುತ್ತೆ. ಟೊಯೊಟಾದ ಎಷ್ಟೋ ಸ್ಮಾರ್ಟ್ ಕೀಗಳಲ್ಲಿ ಲಾಕ್ ಒತ್ತಿ ಹಿಡಿದು ಅನ್‌ಲಾಕ್ ಎರಡು ಸಲ ಒತ್ತಿದರೆ ದೀಪ 4 ಸಲ ಮಿನುಗಿ ಕೀ ಮಲಗುತ್ತೆ. ಸ್ಪೇರ್ ಕೀಗೆ ಇದು ಒಳ್ಳೇದು.

ತೆಗೆದ ಸೆಲ್ ವೇಟಿಂಗ್ ಲೌಂಜಿನ ಟೇಬಲ್ ಮೇಲೆ ಬಿಡಬೇಡಿ. 20 ಮಿ.ಮೀ. ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡಬಲ್ಲದು, ರಿಮೋಟಿಗೆ ಸಾಲದ ಸೆಲ್ಲಿಗೂ ಅಷ್ಟು ಶಕ್ತಿ ಉಳಿದಿರುತ್ತೆ. ಎರಡೂ ಮುಖಕ್ಕೆ ಟೇಪ್ ಅಂಟಿಸಿ ಇ-ವೇಸ್ಟ್ ಡಬ್ಬಿಗೆ ಹಾಕಿ, ಕಸ್ಟಮರ್ ಕೈಗೆ ವಾಪಸ್ ಕೊಡೋದೂ ಬೇಡ.