64 ಕೋರ್, ಏರದ ಗ್ರಾಫ್

ಹಲವರು ಹಂಚಿಕೊಳ್ಳುವ ಕಂಪ್ಯೂಟರ್ ಕ್ಲಸ್ಟರ್ ಮೇಲಿನ ರಜೆಯ ಸಂಶೋಧನಾ ಇಂಟರ್ನ್‌ಶಿಪ್ ಸಾಮಾನ್ಯವಾಗಿ 8ರಿಂದ 10 ವಾರದ್ದು. ಮೊದಲ ವಾರ ಖಾತೆ, ದೂರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಕೀ, ಎರಡು ಹಂತದ ಲಾಗಿನ್ ಎನ್ನುವುದರಲ್ಲೇ ಕರಗುತ್ತದೆ. ಕೈಗೆ ಬಂದ ಕೋಡ್ ಕಂಪೈಲ್ ಆಗುವ ಹೊತ್ತಿಗೆ ಎರಡನೆಯದೂ ಹೋಗಿರುತ್ತದೆ. ಅಸಲಿ ಕೆಲಸ ಶುರುವಾಗುವುದು ಮೂರನೇ ವಾರದ ಒಂದು ಬೆಳಿಗ್ಗೆ. ರಾತ್ರಿ ಕ್ಯೂಗೆ ಹಾಕಿದ ಜಾಬ್‌ಗಳು ಮುಗಿದಿರುತ್ತವೆ. 1, 2, 4, 8, 16, 32, 64 ಕೋರ್‌ಗಳಿಗೆ (ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ದುಡಿಯುವ ಘಟಕಗಳಿಗೆ) ಹಿಡಿದ ಸಮಯವನ್ನು ಗ್ರಾಫಿಗೆ ಹಾಕಿ ನೋಡಿದರೆ, ವೇಗ ಎಷ್ಟು ಪಟ್ಟಾಯಿತು ಎನ್ನುವ ಗೆರೆ ಏರುವುದಿರಲಿ, 1ರ ಮಟ್ಟಕ್ಕೇ ಅಂಟಿಕೊಂಡಿರುತ್ತದೆ. ಮುಂದೆ ಹೇಳುವುದೆಲ್ಲ ಆ ಒಂದು ದಿನದ ಕೆಲಸ.

ಕೋಡ್ ಬಹಳ ಸರಳವಾದದ್ದು ಎಂದೇ ಇಟ್ಟುಕೊಳ್ಳೋಣ. ಮೂರು ಅರೇಗಳು (ಸಂಖ್ಯೆಗಳ ಸಾಲುಗಳು), ಪ್ರತಿಯೊಂದರಲ್ಲೂ 10 ಕೋಟಿ ಡಬಲ್, ಅಂದರೆ 8 ಬೈಟಿನ, ಸಂಖ್ಯೆಗಳು. ಎರಡನೆಯದಕ್ಕೆ ಮೂರನೆಯದರ ಒಂದು ಗುಣಕವನ್ನು ಕೂಡಿಸಿ ಮೊದಲನೆಯದರಲ್ಲಿ ಬರೆಯುವ ಒಂದೇ ಲೂಪ್, ಅದರ ನೆತ್ತಿಯ ಮೇಲೆ ಕೆಲಸವನ್ನು ಕೋರ್‌ಗಳಿಗೆ ಹಂಚುವ ಓಪನ್‌ಎಂಪಿಯ ಒಂದು ಸಾಲು. ಗೆರೆ ಏರದಿದ್ದಾಗ ಹೆಚ್ಚಿನ ವಿದ್ಯಾರ್ಥಿಗಳು ಮೊದಲು ಕೈಹಾಕುವುದು ಅಲ್ಗಾರಿದಮ್‌ಗೆ, ಇಲ್ಲವೇ ಹಂಚಲಾಗದ ಭಾಗವೇ ವೇಗಕ್ಕೆ ಮಿತಿ ಎನ್ನುವ 1967ರ ಆಮ್ಡಾಲ್ ನಿಯಮಕ್ಕೆ. ಎರಡೂ ಅವಸರ. ಲೆಕ್ಕ ಹಾಕಿಯೇ ನೋಡಬಹುದು: ಕೆಲಸದ ಶೇ 5 ಭಾಗ ಒಂದೇ ಕೋರಿನಲ್ಲಿ ಓಡಬೇಕಾದರೂ 64 ಕೋರ್‌ಗಳಲ್ಲಿ ವೇಗ ಸುಮಾರು 15.4 ಪಟ್ಟು ಬರಬೇಕು. ಗೆರೆ 1ರಲ್ಲೇ ನಿಂತಿದ್ದರೆ ಆಮ್ಡಾಲ್ ಅವರನ್ನು ದೂರುವಂತಿಲ್ಲ.

ಮೊದಲು ಅನುಮಾನಿಸಬೇಕಾದ್ದು ಗಡಿಯಾರವನ್ನು. ಸಿ ಭಾಷೆಯ ಕ್ಲಾಕ್ ಫಂಕ್ಷನ್ ಗೋಡೆ ಗಡಿಯಾರದ ಸಮಯ ಕೊಡುವುದಿಲ್ಲ. ಪ್ರೊಸೆಸರ್ ಸಮಯ ಕೊಡುತ್ತದೆ. ಲಿನಕ್ಸ್‌ನಲ್ಲಿ ಅದು ಎಲ್ಲ ಥ್ರೆಡ್‌ಗಳ (ಜೊತೆಜೊತೆಗೆ ಓಡುವ ಕೆಲಸದ ಎಳೆಗಳ) ಸಮಯವನ್ನೂ ಕೂಡಿಸಿಯೇ ಹೇಳುತ್ತದೆ. 8 ಥ್ರೆಡ್‌ಗಳು ತಲಾ 1 ಸೆಕೆಂಡ್ ದುಡಿದರೆ ಉತ್ತರ 8 ಸೆಕೆಂಡ್. ಅಂದರೆ ಕೋಡ್ ನಿಜವಾಗಿ 8 ಪಟ್ಟು ಚುರುಕಾಗಿದ್ದರೂ ಗ್ರಾಫ್ ಸಪಾಟು! ಓಪನ್‌ಎಂಪಿಯದೇ ಆದ ವಾಲ್ ಟೈಮ್ ಫಂಕ್ಷನ್ ಬಳಸಿದರೆ ಈ ಭೂತ ಬಿಡುತ್ತದೆ. ಇದರ ತದ್ವಿರುದ್ಧ ತಪ್ಪೂ ಉಂಟು: ಲೂಪಿನ ಫಲಿತಾಂಶವನ್ನು ಮುಂದೆ ಎಲ್ಲೂ ಬಳಸದಿದ್ದರೆ ಕಂಪೈಲರ್ ಆ ಲೂಪನ್ನೇ ಕಿತ್ತುಹಾಕಬಹುದು. ಸಮಯ ಸೊನ್ನೆ ಬಂದರೆ ಹಿಗ್ಗಬೇಡಿ, ಕೊನೆಯಲ್ಲಿ ಅರೇಯ ಮೊತ್ತವೊಂದನ್ನು ಮುದ್ರಿಸಿ ನೋಡಿ. ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಮೇಲಾದರೆ ಕರ್ನಲ್ ಕರೆ, ಅಂದರೆ ಅದಕ್ಕೆ ಕೆಲಸ ಒಪ್ಪಿಸುವ ಕರೆ, ಆ ಕೆಲಸ ಮುಗಿಯುವವರೆಗೆ ಕಾಯದೆ ತಕ್ಷಣ ಮರಳುತ್ತದೆ. ಸಿಂಕ್ ಮಾಡದೆ ಅಳೆದವರು ಅಳೆದದ್ದು ಕೆಲಸ ಕಳಿಸಲು ಹಿಡಿದ ಸಮಯವನ್ನಷ್ಟೇ.

ಗಡಿಯಾರ ಸರಿ ಇದ್ದೂ ಗೆರೆ ಏರದಿದ್ದರೆ ಜಾಬ್ ಸ್ಕ್ರಿಪ್ಟ್ ತೆಗೆಯಬೇಕು. ಜಾಬ್‌ಗಳ ಸರದಿ ನೋಡಿಕೊಳ್ಳುವ ಸ್ಲರ್ಮ್‌ನಲ್ಲಿ ಒಂದು ಟಾಸ್ಕ್‌ಗೆ ಎಷ್ಟು ಸಿಪಿಯು ಎಂದು ಹೇಳದಿದ್ದರೆ ಸಿಗುವುದು 1. ಥ್ರೆಡ್ ಸಂಖ್ಯೆಯ ವೇರಿಯಬಲ್‌ನಲ್ಲಿ ಮಾತ್ರ 64 ಎಂದು ಬರೆದರೆ 64 ಥ್ರೆಡ್‌ಗಳು ಒಂದೇ ಕೋರಿಗೆ ಮುಗಿಬೀಳುತ್ತವೆ. ಸ್ಕ್ರಿಪ್ಟಿನ ತಲೆಯಲ್ಲಿ ಕೇಳಿದ್ದರೂ ಸಾಲದೆ ಹೋಗಬಹುದು: ಸ್ಲರ್ಮ್‌ನ 22.05 ಆವೃತ್ತಿಯಲ್ಲಿ, ಜಾಬನ್ನು ಕ್ಯೂಗೆ ಹಾಕುವ ಎಸ್‌ಬ್ಯಾಚ್‌ಗೆ ಕೊಟ್ಟ ಈ ಸಂಖ್ಯೆಯನ್ನು, ಜಾಬಿನೊಳಗೆ ಪ್ರೋಗ್ರಾಂ ಓಡಿಸುವ ಎಸ್‌ರನ್ ತಾನಾಗಿ ಎತ್ತಿಕೊಳ್ಳುವುದು ನಿಂತಿತು. ಹಾಗಾಗಿ ಎಸ್‌ರನ್ ಸಾಲಿನಲ್ಲೂ ಮತ್ತೊಮ್ಮೆ ಬರೆಯುವುದು ಕ್ಷೇಮ. ಜಾಬ್‌ಗೆ ಎಷ್ಟು ಕೋರ್ ಸಿಕ್ಕಿದೆ ಎಂದು ಎನ್‌ಪ್ರಾಕ್ ಕಮಾಂಡ್ ಹಾಕಿ ನೋಡುವವರಿಗೂ ಒಂದು ಎಚ್ಚರಿಕೆ. ಅದು ಓಪನ್‌ಎಂಪಿ ಥ್ರೆಡ್ ಸಂಖ್ಯೆಯ ವೇರಿಯಬಲ್ಲನ್ನೂ ಗೌರವಿಸುತ್ತದೆ, ನೀವು 64 ಎಂದು ಬರೆದಿದ್ದರೆ 64 ಎಂದೇ ಒಪ್ಪಿಸುತ್ತದೆ. ಆ ವೇರಿಯಬಲ್ ಬರೆಯುವ ಮೊದಲೇ ಕೇಳಿ. ಓಪನ್‌ಎಂಪಿ 5.0ರಿಂದ ಬಂದ ಅಫಿನಿಟಿ ಡಿಸ್‌ಪ್ಲೇ ಸೆಟ್ಟಿಂಗ್ ಆನ್ ಮಾಡಿದರೆ ಯಾವ ಥ್ರೆಡ್ ಯಾವ ಕೋರಿನಲ್ಲಿ ಕೂತಿದೆ ಎನ್ನುವುದು ಸಾಲುಸಾಲಾಗಿ ಕಾಣುತ್ತದೆ. ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಬೇಕಿಲ್ಲ.

ಇಷ್ಟಾದ ಮೇಲೆ ಗೆರೆ ಏಳುತ್ತದೆ, ಆದರೆ ಬೇಗನೆ ಬಾಗುತ್ತದೆ. ದಿನದ ಅತ್ಯಂತ ರುಚಿಕರ ಭಾಗ ಇದೇ. ಎರಡು ಸಾಕೆಟ್‌ಗಳ, ಅಂದರೆ ಎರಡು ಪ್ರೊಸೆಸರ್ ಚಿಪ್‌ಗಳ, ನೋಡಿನಲ್ಲಿ (ಕ್ಲಸ್ಟರಿನ ಒಂದು ಕಂಪ್ಯೂಟರಿನಲ್ಲಿ) ಪ್ರತಿ ಸಾಕೆಟ್‌ಗೂ ಅದರದೇ ಮೆಮೊರಿ ಇರುತ್ತದೆ. ಮೆಮೊರಿ ಕೇಳುವ ಮ್ಯಾಲಕ್ ಫಂಕ್ಷನ್ ಕರೆದ ಮಾತ್ರಕ್ಕೆ ಲಿನಕ್ಸ್ ನಿಜವಾದ ಜಾಗ ಕೊಡುವುದಿಲ್ಲ. ಒಂದು ಪೇಜಿಗೆ, ಅಂದರೆ ಸಾಮಾನ್ಯವಾಗಿ 4 ಕಿಲೋಬೈಟ್‌ಗೆ, ಮೊದಲು ಬರೆದ ಕೋರ್ ಯಾವ ಕಡೆಯದೋ ಆ ಕಡೆಯ ಮೆಮೊರಿಯಲ್ಲಿ ಜಾಗ ಸಿಗುತ್ತದೆ. ಅರೇಗೆ ಆರಂಭದ ಬೆಲೆ ತುಂಬುವ ಲೂಪನ್ನು ಸಾದಾ ಲೂಪಾಗಿ ಬಿಟ್ಟಿದ್ದರೆ ಅಷ್ಟೂ ಪೇಜುಗಳು ಒಂದೇ ಸಾಕೆಟ್‌ನ ಪಾಲು. ಆಚೆ ಬದಿಯ 32 ಕೋರ್‌ಗಳು ಪ್ರತಿ ಸಂಖ್ಯೆಗೂ ಸೇತುವೆ ದಾಟಿ ಬರಬೇಕು. ಮದ್ದು ಒಂದೇ ಸಾಲಿನದು: ತುಂಬುವ ಲೂಪನ್ನೂ ಸಮಾಂತರ ಮಾಡಿ, ಎರಡೂ ಲೂಪ್‌ಗಳಿಗೆ ಒಂದೇ ಸ್ಟ್ಯಾಟಿಕ್ (ಮೊದಲೇ ಗೊತ್ತುಮಾಡಿದ) ಹಂಚಿಕೆ ಕೊಡಿ, ಥ್ರೆಡ್‌ಗಳನ್ನು ಕೋರ್‌ಗಳಿಗೆ ಕಟ್ಟಿ. ಕಟ್ಟದಿದ್ದರೆ ಥ್ರೆಡ್ ನಡುವೆ ಎದ್ದು ಇನ್ನೊಂದು ಸಾಕೆಟ್‌ಗೆ ಹೋಗಿ ಕೂತು, ಮಾಡಿದ್ದೆಲ್ಲ ನೀರುಪಾಲು.

ಆದರೂ ಗೆರೆ 64ಕ್ಕೆ ಮುಟ್ಟುವುದಿಲ್ಲ. ಮುಟ್ಟಬಾರದು ಕೂಡ. ಪ್ರತಿ ಸಾಕೆಟ್‌ಗೆ ಡಿಡಿಆರ್4-3200 ಮೆಮೊರಿಯ 8 ಚಾನೆಲ್‌ಗಳಿದ್ದರೆ, ಚಾನೆಲ್‌ಗೆ ಸೆಕೆಂಡಿಗೆ 25.6 ಗಿಗಾಬೈಟ್‌ನಂತೆ ಎರಡು ಸಾಕೆಟ್‌ಗೆ ಒಟ್ಟು 409.6. ನಮ್ಮ ಲೂಪು ಪ್ರತಿ ಸುತ್ತಿಗೆ 24 ಬೈಟ್ ಓಡಾಡಿಸಿ ಮಾಡುವುದು ಎರಡೇ ಲೆಕ್ಕ, ಒಂದು ಗುಣಾಕಾರ, ಒಂದು ಸಂಕಲನ. 10 ಕೋಟಿ ಸುತ್ತಿಗೆ 2.4 ಗಿಗಾಬೈಟ್; ಎಷ್ಟೇ ಕೋರ್ ಹಾಕಿದರೂ 5.9 ಮಿಲಿಸೆಕೆಂಡಿಗಿಂತ ಕಡಿಮೆಯಾಗದು. ಬರೆಯುವ ಮುನ್ನ ಆ ಕ್ಯಾಶ್ ಸಾಲನ್ನು (ಪ್ರೊಸೆಸರಿನೊಳಗಿನ ಪುಟ್ಟ, ವೇಗದ ಮೆಮೊರಿಗೆ ಒಮ್ಮೆಗೆ ಬರುವ ತುಣುಕನ್ನು) ಓದಿಕೊಳ್ಳುವ ಪ್ರೊಸೆಸರ್ ಆದರೆ ಸುತ್ತಿಗೆ 32 ಬೈಟ್, ಮಿತಿ 7.8 ಮಿಲಿಸೆಕೆಂಡ್. ಅಳೆದದ್ದು ಇದರ ಹತ್ತಿರ ಬಂದಿದ್ದರೆ ಕೋಡಿನಲ್ಲಿ ತಪ್ಪಿಲ್ಲ, ಮೆಮೊರಿಯ ಹಾದಿ ತುಂಬಿದೆ ಅಷ್ಟೇ. ಅದೇ ನೋಡಿನಲ್ಲಿ 4096 ಗಾತ್ರದ ಎರಡು ಮ್ಯಾಟ್ರಿಕ್ಸ್‌ಗಳನ್ನು ಗುಣಿಸಿದರೆ ಮೂರೂ ಮ್ಯಾಟ್ರಿಕ್ಸ್ ಸೇರಿ ದತ್ತಾಂಶ ಸುಮಾರು 40 ಕೋಟಿ ಬೈಟ್, ಲೆಕ್ಕಗಳು ಸುಮಾರು 13,744 ಕೋಟಿ. ಅಲ್ಲಿ ಒಮ್ಮೆ ತಂದ ಸಂಖ್ಯೆಯನ್ನು ಕ್ಯಾಶ್‌ನಲ್ಲಿಟ್ಟು ಮತ್ತೆಮತ್ತೆ ಬಳಸಬಹುದು, ಗೆರೆಯೂ ಬಹುದೂರ ನೆಟ್ಟಗೆ ಏರುತ್ತದೆ. ಮೆಮೊರಿಯ ಮಿತಿ, ಲೆಕ್ಕದ ಮಿತಿ ಈ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸುವುದು 2009ರಲ್ಲಿ ಬಂದ ರೂಫ್‌ಲೈನ್ ಮಾದರಿ. ಇಂಟರ್ನ್‌ಶಿಪ್ ಕೊನೆಯ ಪೋಸ್ಟರ್‌ಗೆ ಹಾಕಲು ಅದಕ್ಕಿಂತ ಒಳ್ಳೆಯ ಚಿತ್ರವಿಲ್ಲ.

ಮೊತ್ತ ಹಾಕುವ ಲೂಪ್ ಇದ್ದರೆ ಇನ್ನೆರಡು ಮಾತು. ಪ್ರತಿ ಥ್ರೆಡ್ ತನ್ನ ಮೊತ್ತವನ್ನು ಅರೇಯ ಪಕ್ಕಪಕ್ಕದ ಮನೆಗಳಲ್ಲಿ ಬರೆದರೆ 64 ಬೈಟಿನ ಒಂದೇ ಕ್ಯಾಶ್ ಸಾಲಿಗೆ 8 ಥ್ರೆಡ್‌ಗಳು ಕಿತ್ತಾಡುತ್ತವೆ. ಪ್ರತಿ ಥ್ರೆಡ್‌ನ ಮೊತ್ತವನ್ನು ಬೇರೆಯಾಗಿಟ್ಟು ಕೊನೆಗೆ ಕೂಡಿಸುವ ಓಪನ್‌ಎಂಪಿಯ ರಿಡಕ್ಷನ್ ಬಳಸಿ. ಥ್ರೆಡ್ ಸಂಖ್ಯೆ ಬದಲಾದಾಗ ಮೊತ್ತದ ಕೊನೆಯ ಅಂಕಿಗಳೂ ಬದಲಾದರೆ ಗಾಬರಿ ಬೇಡ. ಕೂಡುವ ಕ್ರಮ ಬದಲಾದರೆ ಫ್ಲೋಟಿಂಗ್ ಪಾಯಿಂಟ್ ಉತ್ತರವೂ ಚೂರು ಬದಲಾಗುತ್ತದೆ. ಎರಡು ಉತ್ತರಗಳನ್ನು ಸಮ ಚಿಹ್ನೆಯಿಂದ ಹೋಲಿಸದೆ, ಅವುಗಳ ಸಾಪೇಕ್ಷ ವ್ಯತ್ಯಾಸ ನೋಡಬೇಕು.

ಸಂಜೆ ಏಳೂ ಜಾಬ್‌ಗಳನ್ನು ಮತ್ತೆ ಕ್ಯೂಗೆ ಹಾಕುವಾಗ 24 ಗಂಟೆ ಕೇಳಬೇಡಿ. 10 ನಿಮಿಷ ಸಾಕಾದರೆ 15 ಕೇಳಿ. ದೊಡ್ಡ ಜಾಬ್‌ಗಳ ನಡುವಿನ ಸಂದಿಗೆ ಚಿಕ್ಕವನ್ನು ತೂರಿಸುವ ಬ್ಯಾಕ್‌ಫಿಲ್ ವ್ಯವಸ್ಥೆ ಇದ್ದರೆ ಸರದಿ ಬೇಗ ಬರುತ್ತದೆ. ನೋಡ್ ಪೂರ್ತಿ ನಿಮಗೇ ಬೇಕೆಂದು ಎಕ್ಸ್‌ಕ್ಲೂಸಿವ್ ಎಂದು ಬರೆಯಿರಿ, ಇಲ್ಲದಿದ್ದರೆ ಪಕ್ಕದ ಜಾಬ್ ಮೆಮೊರಿಯ ಹಾದಿಯಲ್ಲಿ ಪಾಲು ಕೇಳುತ್ತದೆ, ನಿಮ್ಮ ಅಂಕಿ ದಿನಕ್ಕೊಂದಾಗುತ್ತದೆ. ಪ್ರತಿ ಅಳತೆಯನ್ನೂ 5 ಸಲ ಓಡಿಸಿ, ಮೊದಲನೆಯದನ್ನು ಬಿಟ್ಟು ಉಳಿದವುಗಳ ಮಧ್ಯದ ಬೆಲೆ ಹಿಡಿಯಿರಿ. ಕಂಪೈಲರ್ ಆವೃತ್ತಿ, ಅದಕ್ಕೆ ಕೊಟ್ಟ ಆಯ್ಕೆಗಳು, ಲೋಡ್ ಮಾಡಿದ ಮಾಡ್ಯೂಲ್‌ಗಳು, ನೋಡಿನ ಹೆಸರು ಇಷ್ಟನ್ನೂ ಫಲಿತಾಂಶದ ಕಡತಕ್ಕೆ ಸ್ಕ್ರಿಪ್ಟೇ ಬರೆಯುವಂತೆ ಮಾಡಿ. ಆ ಕಡತ ತಾತ್ಕಾಲಿಕ ಕಡತಗಳ ಜಾಗವಾದ ಸ್ಕ್ರ್ಯಾಚ್‌ನಲ್ಲೇ ಉಳಿಯದಿರಲಿ. ಅಲ್ಲಿನ ಹಳೆಯ ಕಡತಗಳನ್ನು ಹೇಳದೆ ಕೇಳದೆ ಅಳಿಸುವ ನಿಯಮ ಹಲವು ಕಡೆ ಇರುತ್ತದೆ, ಪೋಸ್ಟರ್ ಬರೆಯುವ ಒಂಬತ್ತನೇ ವಾರದಲ್ಲಿ ಅದು ಬೇಕಾಗುತ್ತದೆ.